ಶಾಕ್ ಕದಲುತ್ತಿಲ್ಲವೇ, ಕದಲಿದ್ದು ನಿಜವೇ: ಟ್ರಾನ್ಸಾನಿಕ್ ಬಫೆಟ್ ಸಿಮ್ಯುಲೇಶನ್‌ಗೆ ದೋಷ ನಿವಾರಣೆ ಕೈಪಿಡಿ

ಬಜ್ಪೆಯಿಂದ ಮೇಲೇರಿದ ಪ್ರಯಾಣಿಕ ವಿಮಾನ ಮ್ಯಾಕ್ 0.78ರ (ಶಬ್ದದ ವೇಗದ 0.78 ಪಟ್ಟು) ಆಸುಪಾಸಿನಲ್ಲಿ ಹಾರುವಾಗ ಅದರ ರೆಕ್ಕೆಯ ಬೆನ್ನ ಮೇಲೆ ಗಾಳಿ ಶಬ್ದದ ವೇಗವನ್ನು ದಾಟಿರುತ್ತದೆ. ದಾಟಿದ ಗಾಳಿ ಹಿಂದಂಚು ತಲುಪುವ ಮುನ್ನ ಮತ್ತೆ ನಿಧಾನವಾಗಲೇಬೇಕು. ಅದು ಥಟ್ಟನೆ ನಿಧಾನವಾಗುವ ಜಾಗವೇ ಶಾಕ್. ಆಲ್ಫಾ, ಅಂದರೆ ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ, ಸ್ವಲ್ಪ ಹೆಚ್ಚಿದರೆ ಶಾಕ್ ಬಲಗೊಳ್ಳುತ್ತದೆ, ಅದರ ಬುಡದಲ್ಲಿ ಗಡಿಪದರ, ಅಂದರೆ ರೆಕ್ಕೆಗೆ ಅಂಟಿ ಹರಿಯುವ ನಿಧಾನ ಗಾಳಿಯ ತೆಳು ಪದರ, ಮೇಲ್ಮೈ ಬಿಟ್ಟು ಏಳುತ್ತದೆ. ಒಂದು ಹಂತ ದಾಟಿದ ಮೇಲೆ ಶಾಕ್ ತಾನಾಗಿಯೇ ಹಿಂದೆ ಮುಂದೆ ಓಡಾಡತೊಡಗುತ್ತದೆ. ಬಫೆಟ್ ಎಂದರೆ ಇದೇ.

ಸುರತ್ಕಲ್‌ನಿಂದ ಮಣಿಪಾಲದವರೆಗೆ ಎಂ.ಟೆಕ್. ಪ್ರಾಜೆಕ್ಟಿಗೆ ಈ ವಿಷಯ ಎತ್ತಿಕೊಂಡವರ ದೂರು ಹೆಚ್ಚಾಗಿ ಎರಡೇ. ಶಾಕ್ ಕದಲುವುದೇ ಇಲ್ಲ ಎಂಬುದು ಒಂದು. ಕದಲುತ್ತದೆ, ಆದರೆ ನಂಬುವುದು ಹೇಗೆ ಎಂಬುದು ಇನ್ನೊಂದು. ಎರಡಕ್ಕೂ ಪರೀಕ್ಷೆ ಒಂದೇ. ಟೈಮ್ ಸ್ಟೆಪ್ (ಲೆಕ್ಕ ಒಮ್ಮೆಗೆ ಮುಂದೆ ಹೋಗುವ ಸಮಯ) ಎಷ್ಟು, ಮೆಶ್ (ಜಾಗವನ್ನು ಸೆಲ್ಲುಗಳಾಗಿ ಕತ್ತರಿಸಿದ ಬಲೆ) ಎಷ್ಟು ಸಣ್ಣ, ಹೊರಗಡಿ (ಲೆಕ್ಕದ ಜಾಗ ಮುಗಿಯುವ ಗೆರೆ) ಎಷ್ಟು ದೂರ ಎಂಬುದು ಗಾಳಿಗೆ ಗೊತ್ತಿಲ್ಲ. ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ ಮತ್ತೆ ಓಡಿಸಿ. ಫ್ರೀಕ್ವೆನ್ಸಿ ಬದಲಾಯಿತೆಂದರೆ ಅದು ಲೆಕ್ಕದ ಕೂಸು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯದು.

ಮೊದಲು ಒಂದು ಅಳತೆಗೋಲು

ಸ್ವಂತ ರೆಕ್ಕೆಗೆ ಕೈಹಾಕುವ ಮೊದಲು, ಪ್ರಯೋಗದ ಅಳತೆ ಸಿಕ್ಕಿರುವ ಏರ್‌ಫಾಯಿಲ್ ಒಂದರಲ್ಲಿ ಸಾಫ್ಟ್‌ವೇರನ್ನು ಒರೆಗೆ ಹಚ್ಚಬೇಕು. ಎರಡು ಆಯಾಮದ ಲೆಕ್ಕಕ್ಕೆ ಹೆಚ್ಚಿನವರು ಹಿಡಿಯುವುದು ಫ್ರಾನ್ಸಿನ ಒನೆರಾ ಸಂಸ್ಥೆಯ ಓಎಟಿ15ಎ. ಅಲ್ಲಿನ ಗಾಳಿ ಸುರಂಗದಲ್ಲಿ ಪರೀಕ್ಷಿಸಿದ ಮಾದರಿಯ ಕಾರ್ಡ್ (ಮುಂದಂಚಿನಿಂದ ಹಿಂದಂಚಿನವರೆಗಿನ ಉದ್ದ) 230 ಮಿ.ಮೀ., ದಪ್ಪ ಕಾರ್ಡ್‌ನ ಶೇ. 12.3. ಹಿಂದಂಚು ಚೂಪಲ್ಲ, ಶೇ. 0.5ರಷ್ಟು ದಪ್ಪ, ಅಂದರೆ 1.15 ಮಿ.ಮೀ. ಮ್ಯಾಕ್ 0.73, ರೇನಾಲ್ಡ್ಸ್ ಸಂಖ್ಯೆ (ವೇಗ ಮತ್ತು ಗಾತ್ರದ ಪ್ರಭಾವಕ್ಕೆ ಸ್ನಿಗ್ಧತೆಯ ಹೋಲಿಕೆ) 30 ಲಕ್ಷ. ಗಡಿಪದರವನ್ನು ಕಾರ್ಡ್‌ನ ಶೇ. 7ರಲ್ಲಿ ಪಟ್ಟಿ ಅಂಟಿಸಿ ಟರ್ಬುಲೆಂಟ್ (ಸುಳಿಗಳಿಂದ ಕದಡಿದ ಹರಿವು) ಮಾಡಲಾಗಿತ್ತು. ಆಲ್ಫಾ 3.1 ಡಿಗ್ರಿಯ ಸುಮಾರಿಗೆ ಬಫೆಟ್ ಶುರು, 3.5ರಲ್ಲಿ ಸುಮಾರು 69 ಹರ್ಟ್ಜ್.

ಇದನ್ನು ಲೆಕ್ಕಕ್ಕೆ ಇಳಿಸೋಣ. ಒಟ್ಟು ತಾಪಮಾನ 300 ಕೆಲ್ವಿನ್, ಒಟ್ಟು ಒತ್ತಡ 1 ಬಾರ್ (ಎರಡೂ ಗಾಳಿಯನ್ನು ನಿಲ್ಲಿಸಿದರೆ ಬರುವ ಬೆಲೆ) ಎಂದು ಹಿಡಿದರೆ ಹರಿವಿನ ತಾಪಮಾನ ಸುಮಾರು 271 ಕೆಲ್ವಿನ್, ಶಬ್ದದ ವೇಗ ಸೆಕೆಂಡಿಗೆ 330 ಮೀಟರ್, ಗಾಳಿಯ ವೇಗ 241 ಮೀಟರ್, ಸಾಂದ್ರತೆ ಘನಮೀಟರಿಗೆ 0.90 ಕಿಲೋ. ಗಾಳಿ ಒಂದು ಕಾರ್ಡ್ ದಾಟಲು 0.95 ಮಿಲಿಸೆಕೆಂಡ್ ಬೇಕು. ಬಫೆಟ್‌ನ ಒಂದು ಸುತ್ತಿಗೆ 14.5 ಮಿಲಿಸೆಕೆಂಡ್. ಅಂದರೆ ಗಾಳಿ 15 ಕಾರ್ಡ್ ದೂರ ಹೋಗುವಷ್ಟರಲ್ಲಿ ಶಾಕ್ ಒಮ್ಮೆ ಹೋಗಿ ಬರುತ್ತದೆ. ಬಫೆಟ್ ನಿಧಾನದ ಜೀವಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೆಳಗಿನ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಲಕ್ಷಣ: ಲಿಫ್ಟ್ ಗೆರೆ ಮಲಗಿದೆ, ಶಾಕ್ ನಿಂತಲ್ಲೇ ನಿಂತಿದೆ

ಖರ್ಚಿಲ್ಲದ ತಪಾಸಣೆ ಮೊದಲು. ಲಾಗ್ ಫೈಲಿನ ಮೊದಲ ಪುಟ ಓದಿ. ಲೆಕ್ಕ ನಿಜವಾಗಿ ಅನ್‌ಸ್ಟೆಡಿ ಆಗಿ, ಅಂದರೆ ಸಮಯದೊಂದಿಗೆ ಹರಿವು ಬದಲಾಗಲು ಬಿಟ್ಟು, ಓಡುತ್ತಿದೆಯೇ? ಸ್ಟೆಡಿ ಲೆಕ್ಕದಲ್ಲಿ ಪ್ರತಿ ಸೆಲ್ಲಿಗೂ ಅದರದೇ ಟೈಮ್ ಸ್ಟೆಪ್ ಇರುತ್ತದೆ. ಅದರಲ್ಲಿ ಶಾಕ್ ನಿಂತರೂ ಅಲುಗಿದರೂ ಸಮಯದ ಅರ್ಥವೇ ಇಲ್ಲ. ಎಸ್‌ಯು2 ಎಂಬ ಸಾಫ್ಟ್‌ವೇರ್ ಬಳಸುವವರು ಸಮಯದ ಸ್ಕೀಮ್ (ಡ್ಯುಯಲ್ ಟೈಮ್ ಸ್ಟೆಪಿಂಗ್) ಎರಡನೇ ದರ್ಜೆಯ ನಿಖರತೆಯದ್ದೇ ಎಂದು ನೋಡಿಕೊಳ್ಳಿ. ಅದೇ ಪುಟದಲ್ಲಿ ಮ್ಯಾಕ್, ಆಲ್ಫಾ, ರೇನಾಲ್ಡ್ಸ್ ಮೂರನ್ನೂ ಹೋಲಿಸಿ. ಮಿ.ಮೀ.ನಲ್ಲಿ ಬರೆದ ಏರ್‌ಫಾಯಿಲನ್ನು ಮೀಟರ್ ಎಂದು ಓದಿಸಿದರೆ ಕಾರ್ಡ್ 230 ಮೀಟರ್ ಆಗಿ ರೇನಾಲ್ಡ್ಸ್ 300 ಕೋಟಿಗೆ ಏರುತ್ತದೆ. ಪರದೆಯ ಮೇಲಿನ ಚಿತ್ರ ಮಾತ್ರ ಹಾಗೆಯೇ ಕಾಣುತ್ತದೆ, ಏನೂ ಗೊತ್ತಾಗುವುದಿಲ್ಲ.

ಎರಡನೆಯದು, ಕಾದಿದ್ದೀರಾ? 2009ರಲ್ಲಿ ಕ್ರೌಚ್ ಮತ್ತು ಸಂಗಡಿಗರು ಬಫೆಟ್‌ನ ಆರಂಭ ಇಡೀ ಹರಿವಿನ ಅಸ್ಥಿರತೆ ಎಂದು ತೋರಿಸಿದರು. ಇದರ ವ್ಯಾವಹಾರಿಕ ಅರ್ಥ ಇಷ್ಟು: ಆರಂಭದ ಆಲ್ಫಾದ ಹತ್ತಿರ ಆಂದೋಲನ ಅತಿ ಸಣ್ಣದರಿಂದ ಹುಟ್ಟಿ, ಸುತ್ತಿನಿಂದ ಸುತ್ತಿಗೆ ಒಂದೇ ಅನುಪಾತದಲ್ಲಿ ಬೆಳೆಯುತ್ತದೆ. ಸಾಮಾನ್ಯ ಗ್ರಾಫಿನಲ್ಲಿ ಅದು ಮಲಗಿದ ಗೆರೆಯೇ. ಸರಾಸರಿಯಿಂದ ಲಿಫ್ಟ್ ಎಷ್ಟು ದೂರ ಸರಿದಿದೆ ಎಂಬುದನ್ನು ಲಾಗ್ (ಲಾಗರಿದಮ್) ಮಾನದಲ್ಲಿ ಬರೆಯಿರಿ. ಶಿಖರಗಳು ನೇರ ಗೆರೆಯಲ್ಲಿ ಮೇಲೇರುತ್ತಿದ್ದರೆ ಯಂತ್ರವನ್ನು ನಿಲ್ಲಿಸಬೇಡಿ, ಬಫೆಟ್ ಬರುತ್ತಿದೆ. ನೇರ ಗೆರೆಯಲ್ಲಿ ಇಳಿಯುತ್ತಿದ್ದರೆ ಆ ಆಲ್ಫಾದಲ್ಲಿ ನಿಮ್ಮ ಲೆಕ್ಕ ಸ್ಥಿರ, ತಿಂಗಳು ಓಡಿಸಿದರೂ ಅಷ್ಟೇ. ಬೇಗ ತಿಳಿಯಬೇಕಾದರೆ ಆಲ್ಫಾವನ್ನು 4.0ಕ್ಕೆ ಏರಿಸಿ ಎರಡು ಮೂರು ಸುತ್ತು ಓಡಿಸಿ, ಮತ್ತೆ 3.5ಕ್ಕೆ ತನ್ನಿ. ಆಂದೋಲನ ಉಳಿಯಿತೋ ಆರಿತೋ ನೋಡಿ.

ಆರಿತು ಎಂದಾದರೆ ಮುಂದಿನ ಅನುಮಾನ ಸಮಯದ ಸ್ಕೀಮಿನ ಮೇಲೆ. ಮೊದಲ ದರ್ಜೆಯ ಇಂಪ್ಲಿಸಿಟ್ ಸ್ಕೀಮ್ ಪ್ರತಿ ಸ್ಟೆಪ್ಪಿನಲ್ಲೂ ಆಂದೋಲನವನ್ನು ಸ್ವಲ್ಪ ತಿನ್ನುತ್ತದೆ. ಸುತ್ತಿಗೆ 50 ಸ್ಟೆಪ್ ಇದ್ದರೆ ಒಂದೇ ಸುತ್ತಿನಲ್ಲಿ ಎತ್ತರದ ಮೂರನೇ ಒಂದು ಭಾಗ ಹೋಗುತ್ತದೆ. 100 ಇದ್ದರೆ ಶೇ. 18; 290 ಇದ್ದರೂ ಶೇ. 6ಕ್ಕಿಂತ ಹೆಚ್ಚು. ಆರಂಭದ ಹತ್ತಿರದ ಬಫೆಟ್ ಸುತ್ತಿಗೆ ಅಷ್ಟು ಬೆಳೆಯುವುದೇ ಇಲ್ಲ, ಹಾಗಾಗಿ ಸ್ಕೀಮ್ ಅದನ್ನು ಹುಟ್ಟುವ ಮೊದಲೇ ಮುಗಿಸಿಬಿಡುತ್ತದೆ. ಎರಡನೇ ದರ್ಜೆಗೆ ಬದಲಿಸಿ, ಟೈಮ್ ಸ್ಟೆಪ್ 50 ಮೈಕ್ರೋಸೆಕೆಂಡ್ ಇಡಿ. ಸುತ್ತಿಗೆ 290 ಸ್ಟೆಪ್ ಆಗುತ್ತದೆ, ಎರಡು ಆಯಾಮದ ಲೆಕ್ಕಕ್ಕೆ ಧಾರಾಳ ಸಾಕು.

ಇನ್ನು ಜಾಗದ ಸ್ಕೀಮ್. ಲೆಕ್ಕ ಮುರಿದು ಬೀಳದಿರಲೆಂದು ಮೊದಲ ದರ್ಜೆಯ ಅಪ್‌ವಿಂಡ್‌ನಲ್ಲಿ ಶುರುಮಾಡಿ ಅಲ್ಲೇ ಮರೆತುಬಿಡುವುದು ತೀರಾ ಸಾಮಾನ್ಯ. ಜೇಮ್ಸನ್ ಸ್ಕೀಮ್ ಆದರೆ ಕೃತಕ ಸ್ನಿಗ್ಧತೆಯ ಎರಡು ಗುಣಾಂಕಗಳನ್ನು ನೋಡಿ, 0.5 ಮತ್ತು 0.02 ವಾಡಿಕೆಯವು. ಇವುಗಳನ್ನು ದುಪ್ಪಟ್ಟು ಮಾಡಿದಾಗ ಶಾಕ್ ನಿಂತುಹೋಗುತ್ತದೆ, ಅರ್ಧ ಮಾಡಿದಾಗ ಓಡುತ್ತದೆ ಎಂದಾದರೆ ಗುಣಾಂಕವನ್ನು ಅಲ್ಲಿಗೆ ಬಿಟ್ಟು ಮೆಶ್ ಸಣ್ಣದು ಮಾಡಿ. 69 ಹರ್ಟ್ಜ್ ಬರುವ ತನಕ ಗುಣಾಂಕ ತಿರುವುವುದು ಶುದ್ಧ ಕೈಚಳಕ. ವೈವಾ ದಿನ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಯೂ ಅದೇ ಆಗಿರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಶಾಕ್ ನಿಂತಿದ್ದರೆ ಟರ್ಬುಲೆನ್ಸ್ ಮಾಡೆಲ್, ಅಂದರೆ ಸಣ್ಣ ಸುಳಿಗಳ ಪರಿಣಾಮವನ್ನು ಅಂದಾಜಿಸುವ ಸಮೀಕರಣಗಳು. ವಾಲ್ ಫಂಕ್ಷನ್ (ಗೋಡೆಯ ಬಳಿಯ ಹರಿವನ್ನು ಸೂತ್ರದಿಂದ ತುಂಬುವ ವಿಧಾನ) ಹಾಕಿದ ಕೆ-ಎಪ್ಸಿಲಾನ್ ಮಾಡೆಲ್‌ನಿಂದ ಬಫೆಟ್ ನಿರೀಕ್ಷಿಸಬೇಡಿ. ಶಾಕ್ ಬುಡದಲ್ಲಿ ಗಡಿಪದರ ಏಳುವುದನ್ನೇ ಅದು ತಡೆಯುತ್ತದೆ. ಸ್ಪಲಾರ್ಟ್–ಆಲ್ಮರಸ್ ಅಥವಾ ಎಸ್‌ಎಸ್‌ಟಿ ಹಿಡಿಯಿರಿ. ಅವೂ ಆರಂಭದ ಆಲ್ಫಾವನ್ನು ಅರ್ಧದಿಂದ ಒಂದು ಡಿಗ್ರಿ ಆಚೀಚೆ ಹೇಳುವುದು ಮಾಮೂಲು. ಆದ್ದರಿಂದ 3.5ರಲ್ಲಿ ಬಫೆಟ್ ಬರಲಿಲ್ಲ ಎಂದ ಕೂಡಲೇ ಮಾಡೆಲ್ ಬದಲಿಸದೆ 4.0, 4.5ರಲ್ಲೂ ಓಡಿಸಿ, ಎಲ್ಲಿಂದ ಶುರುವಾಗುತ್ತದೆ ಎಂದು ಬರೆದಿಡಿ. ವರದಿಯಲ್ಲಿ ‘ಈ ಮಾಡೆಲ್‌ನಲ್ಲಿ ಆರಂಭ ಇಷ್ಟು ಡಿಗ್ರಿಗೆ’ ಎಂದು ಬರೆದರೆ ಅದು ಫಲಿತಾಂಶ. ಸುರಂಗಕ್ಕೆ ಪಕ್ಕದ ಗೋಡೆಗಳಿದ್ದವು, ಎರಡು ಆಯಾಮದ ನಿಮ್ಮ ಲೆಕ್ಕಕ್ಕೆ ಇಲ್ಲ. ಪೂರ್ತಿ ತಾಳೆಯಾಗದಿರಲು ಅದೂ ಒಂದು ಕಾರಣ. ಮುಂದಂಚಿನಿಂದಲೇ ಪೂರ್ತಿ ಟರ್ಬುಲೆಂಟ್ ಎಂದು ಹಿಡಿದಿದ್ದರೆ ಶಾಕ್ ತಲುಪುವ ಹೊತ್ತಿಗೆ ಗಡಿಪದರದ ದಪ್ಪವೂ ಬೇರೆಯಾಗಿರುತ್ತದೆ. ಸಾಫ್ಟ್‌ವೇರಿನಲ್ಲಿ ಅವಕಾಶವಿದ್ದರೆ ಶೇ. 7ರವರೆಗೆ ಲ್ಯಾಮಿನಾರ್ (ಸುಳಿಯಿಲ್ಲದ ನಯ ಹರಿವು) ಇಡಿ.

ಲಕ್ಷಣ: ಲಿಫ್ಟ್ ನಡುಗುತ್ತಿದೆ, ಆದರೆ ಸಣ್ಣ ಸಣ್ಣ ಮೊನೆಗಳಾಗಿ

ಇದನ್ನು ಬಫೆಟ್ ಎಂದು ತಿಳಿದು ಖುಷಿಪಡುವವರೇ ಜಾಸ್ತಿ. ಟೈಮ್ ಸ್ಟೆಪ್ಪನ್ನು ಅರ್ಧ ಮಾಡಿ ಓಡಿಸಿ. ಮೊನೆಗಳ ಫ್ರೀಕ್ವೆನ್ಸಿ ದುಪ್ಪಟ್ಟಾದರೆ, ಅಂದರೆ ಒಂದು ಮೊನೆಗೆ ಬೇಕಾಗುವ ಸ್ಟೆಪ್ಪುಗಳ ಸಂಖ್ಯೆ ಮೊದಲಿನಷ್ಟೇ ಉಳಿದರೆ, ಅದು ಲಿಮಿಟರ್ (ಶಾಕ್ ಬಳಿ ಸುಳ್ಳು ಏರಿಳಿತ ಬಾರದಂತೆ ತಡೆಯುವ ಲೆಕ್ಕದ ಭಾಗ) ಕೆಲಸ. ಶಾಕ್ ಎರಡು ಸೆಲ್ಲುಗಳ ನಡುವೆ ಸಿಕ್ಕಿಕೊಂಡು ಲಿಮಿಟರ್ ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ಒಳ ಇಟರೇಶನ್‌ಗಳಲ್ಲಿ (ಒಂದೇ ಟೈಮ್ ಸ್ಟೆಪ್ಪಿನೊಳಗೆ ಮತ್ತೆ ಮತ್ತೆ ಮಾಡುವ ಲೆಕ್ಕ) ರೆಸಿಡ್ಯುಅಲ್ (ಸಮೀಕರಣದಲ್ಲಿ ಇನ್ನೂ ಉಳಿದ ತಪ್ಪು) ಅರ್ಧ ದಾರಿಯಲ್ಲಿ ನಿಂತು ಕುಣಿಯುವುದು ಇದರ ಗುರುತು. ಮಿನ್‌ಮೋಡ್‌ನಂಥ ಒರಟು ಲಿಮಿಟರ್ ಬಿಟ್ಟು ವೆಂಕಟಕೃಷ್ಣನ್ ಲಿಮಿಟರಿಗೆ ಹೋಗಿ, ಅದರ ಗುಣಾಂಕವನ್ನು ಸ್ವಲ್ಪ ಏರಿಸಿ ನೋಡಿ. ಸ್ಟೆಡಿ ಲೆಕ್ಕದಲ್ಲಿ ಮಾಡುವಂತೆ ಲಿಮಿಟರನ್ನು ಇಷ್ಟು ಇಟರೇಶನ್ ಆದಮೇಲೆ ಎಂದು ಫ್ರೀಜ್ ಮಾಡುವ ಉಪಾಯ ಇಲ್ಲಿ ನಡೆಯದು. ಶಾಕ್ ಜಾಗ ಬಿಟ್ಟು ಹೋದಮೇಲೂ ಲಿಮಿಟರ್ ಹಳೆಯ ಜಾಗವನ್ನೇ ಕಾಯುತ್ತಿರುತ್ತದೆ.

ಮೊನೆಗಳಿಗೆ ಇನ್ನೊಂದು ಮೂಲ ಹಿಂದಂಚು. 1.15 ಮಿ.ಮೀ. ದಪ್ಪದ ಮೊಂಡು ಅಂಚಿನ ಹಿಂದೆ ಸುಳಿಗಳು ಕಳಚುತ್ತವೆ. ದಪ್ಪದ ಮೇಲೆ ಸ್ಟ್ರೌಹಾಲ್ ಸಂಖ್ಯೆ (ಫ್ರೀಕ್ವೆನ್ಸಿಯನ್ನು ಉದ್ದದಿಂದ ಗುಣಿಸಿ ವೇಗದಿಂದ ಭಾಗಿಸಿದ್ದು) 0.2 ಎಂದು ಹಿಡಿದರೆ ಫ್ರೀಕ್ವೆನ್ಸಿ ಸುಮಾರು 42,000 ಹರ್ಟ್ಜ್. ಇದು ನಿಜವಾದ ಭೌತಿಕ ಕ್ರಿಯೆಯೇ ಹೌದು, ಆದರೆ 50 ಮೈಕ್ರೋಸೆಕೆಂಡ್ ಸ್ಟೆಪ್ಪಿನಲ್ಲಿ 10,000 ಹರ್ಟ್ಜ್‌ಗಿಂತ ಮೇಲಿನದ್ದನ್ನು ಹಿಡಿಯಲಾಗುವುದಿಲ್ಲ. ಅರ್ಧಂಬರ್ಧ ಸಿಕ್ಕಿದ ಸುಳಿ ಕಸವಾಗಿ ಲಿಫ್ಟಿನಲ್ಲಿ ಕೂರುತ್ತದೆ. ಬಫೆಟ್ ಮಾತ್ರ ಬೇಕಿದ್ದರೆ ಹಿಂದಂಚಿನ ಹಿಂದಿನ ಮೆಶ್ಶನ್ನು ತೀರಾ ಸಣ್ಣ ಮಾಡಬೇಡಿ. ಎಲ್ಲ ಕಡೆ ಸಣ್ಣ ಮೆಶ್ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಲಕ್ಷಣ: ಆಂದೋಲನ ಚೆನ್ನಾಗಿದೆ, ಫ್ರೀಕ್ವೆನ್ಸಿ ತಾಳೆಯಾಗುತ್ತಿಲ್ಲ

ಕಾಗದ ಪೆನ್ನಿನಿಂದ ಶುರುಮಾಡಿ. ಉತ್ತರ ಮೂರು ಪಟ್ಟು ಅಥವಾ ಆರು ಪಟ್ಟು ಹೆಚ್ಚಿದ್ದರೆ ಸಂಖ್ಯೆಯ ವ್ಯಾಖ್ಯೆ ತಪ್ಪಿದೆ. ಫ್ರೀಕ್ವೆನ್ಸಿಯನ್ನು ಕಾರ್ಡ್‌ನಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಸ್ಟ್ರೌಹಾಲ್ 0.066. ಹಳೆಯ ಲೇಖನಗಳಲ್ಲಿ ಬರುವ ರೆಡ್ಯೂಸ್ಡ್ ಫ್ರೀಕ್ವೆನ್ಸಿ ಅರ್ಧ ಕಾರ್ಡ್ ಮತ್ತು ಕೋನೀಯ ವೇಗದ ಮೇಲೆ, ಅದು 0.207. ಕೆಲವರು ಪೂರ್ತಿ ಕಾರ್ಡ್ ಹಿಡಿದು 0.41 ಎಂದು ಬರೆಯುತ್ತಾರೆ. ಮೂರೂ ಒಂದೇ 69 ಹರ್ಟ್ಜ್.

ಆಮೇಲೆ ಸಿಗ್ನಲ್‌ನ ಉದ್ದ. ಐದು ಸುತ್ತು ಓಡಿಸಿ ಎಫ್‌ಎಫ್‌ಟಿ (ಸಿಗ್ನಲ್‌ನಲ್ಲಿರುವ ಫ್ರೀಕ್ವೆನ್ಸಿಗಳನ್ನು ಬಿಡಿಸುವ ಲೆಕ್ಕ) ಹಾಕಿದರೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ 14 ಹರ್ಟ್ಜ್ ಅಂತರ. ಅದರಲ್ಲಿ 69 ಮತ್ತು 76 ಬೇರೆಯಾಗಿ ಕಾಣುವುದಿಲ್ಲ. ಶುರುವಿನ ಸುತ್ತುಗಳನ್ನು ಕಳೆದು 20 ಸುತ್ತು ಬೇಕು, ಆಗ ಅಂತರ ಮೂರೂವರೆ ಹರ್ಟ್ಜ್. ಲಿಫ್ಟ್ ಫೈಲು ಹತ್ತು ಸ್ಟೆಪ್ಪಿಗೊಮ್ಮೆ ಬರೆಯುತ್ತಿದ್ದು ನೀವು ಪ್ರತಿ ಸ್ಟೆಪ್ಪಿನದೆಂದು ಓದಿಸಿದ್ದರೆ ಉತ್ತರ ಹತ್ತು ಪಟ್ಟು ತಪ್ಪುತ್ತದೆ. ಇದು ತಮಾಷೆಯಲ್ಲ ಮಾರಾಯ್ರೆ, ವಾರಗಟ್ಟಲೆ ಮೆಶ್ ಬದಲಿಸಿದ ಮೇಲೆ ಕೊನೆಗೆ ಸಿಗುವ ತಪ್ಪು ಇಂಥದ್ದೇ.

ಇನ್ನೂ ತಾಳೆಯಾಗದಿದ್ದರೆ ಒಳ ಇಟರೇಶನ್. ಪ್ರತಿ ಟೈಮ್ ಸ್ಟೆಪ್ಪಿನಲ್ಲೂ ರೆಸಿಡ್ಯುಅಲ್ ಎರಡರಿಂದ ಮೂರು ದಶಮಾನ (100ರಿಂದ 1,000 ಪಟ್ಟು) ಇಳಿಯಬೇಕು. 30 ಇಟರೇಶನ್ ಇದ್ದದ್ದನ್ನು 60 ಮಾಡಿ. ಫ್ರೀಕ್ವೆನ್ಸಿಯೋ ಲಿಫ್ಟಿನ ಶಿಖರವೋ ಶೇ. 1ಕ್ಕಿಂತ ಹೆಚ್ಚು ಸರಿದರೆ 30 ಸಾಲದು. ಟೈಮ್ ಸ್ಟೆಪ್ ಸಣ್ಣ ಮಾಡಿ ಒಳ ಇಟರೇಶನ್ ಕಡಿತಗೊಳಿಸುವುದು ಉಳಿತಾಯದಂತೆ ಕಂಡರೂ ಎರಡನ್ನೂ ಅರ್ಧಕ್ಕೆ ಬಿಟ್ಟಂತೆ.

ಕೊನೆಗೆ ಹೊರಗಡಿ. ಬಫೆಟ್ ಹೇಗೆ ನಡೆಯುತ್ತದೆ ಎಂಬುದಕ್ಕೆ ಲೀ 1990ರಲ್ಲಿ ಕೊಟ್ಟ ವಿವರಣೆ ಈಗಲೂ ಕೆಲಸಕ್ಕೆ ಬರುತ್ತದೆ. ಶಾಕ್ ಬುಡದಿಂದ ಹೊರಟ ಅಲೆ ಕಳಚಿದ ಗಡಿಪದರದೊಳಗೆ ಹಿಂದಂಚಿಗೆ ಹೋಗುತ್ತದೆ. ಅಲ್ಲಿ ಹುಟ್ಟಿದ ಇನ್ನೊಂದು ಅಲೆ ಹೊರಗಿನ ಹರಿವಿನಲ್ಲಿ ಮುಂದಕ್ಕೆ ಬಂದು ಶಾಕ್ ತಳ್ಳುತ್ತದೆ. ಹೋಗಿ ಬರುವ ಸಮಯವೇ ಸುತ್ತಿನ ಸಮಯ. ಬಯಲಾಟದ ರಂಗಸ್ಥಳದಲ್ಲಿ ಭಾಗವತರ ಮೈಕು ಸ್ಪೀಕರಿನ ಎದುರು ಬಂದು ಕೂಗಿಕೊಳ್ಳುವುದೂ ಇದೇ ರೀತಿ: ಶಬ್ದ ಸುತ್ತಿ ಬರುವ ಸಮಯವೇ ಕೂಗಿನ ಸ್ವರವನ್ನು ತೀರ್ಮಾನಿಸುತ್ತದೆ. ಈಗ ಹೊರಗಡಿಯಿಂದಲೂ ಅಲೆ ತಿರುಗಿ ಬಂದರೆ? ಹೊರಗಡಿ 20 ಕಾರ್ಡ್, ಅಂದರೆ 4.6 ಮೀಟರ್ ದೂರವಿದೆ ಎನ್ನಿ. ರೆಕ್ಕೆಯಿಂದ ನೇರ ಮೇಲಕ್ಕೆ ಹೋಗಿ ಬರುವ ಅಲೆಗೆ ಸುಮಾರು 41 ಮಿಲಿಸೆಕೆಂಡ್ ಬೇಕು, 24 ಹರ್ಟ್ಜ್. ಹಿಂದಕ್ಕೆ ಹೋದ ಅಲೆ ಗಾಳಿಯ ಜೊತೆ ಸೆಕೆಂಡಿಗೆ 571 ಮೀಟರಿನಲ್ಲಿ ಓಡುತ್ತದೆ, ತಿರುಗಿ ಬರುವಾಗ ಗಾಳಿಗೆ ಎದುರಾಗಿ ಬರೀ 89 ಮೀಟರ್. ಒಟ್ಟು 60 ಮಿಲಿಸೆಕೆಂಡ್, ಸುಮಾರು 17 ಹರ್ಟ್ಜ್. ಸ್ಪೆಕ್ಟ್ರಮ್‌ನಲ್ಲಿ ಇಂಥ ಕಡೆ, ಅಥವಾ ಇವುಗಳ ಗುಣಕಗಳಲ್ಲಿ ಅನುಮಾನಾಸ್ಪದ ಶಿಖರ ಕಂಡರೆ ಹೊರಗಡಿಯನ್ನು 40 ಕಾರ್ಡ್‌ಗೆ ಒಯ್ಯಿರಿ. ಶಿಖರದ ಫ್ರೀಕ್ವೆನ್ಸಿ ಅರ್ಧಕ್ಕೆ ಇಳಿದರೆ ಕಳ್ಳ ಸಿಕ್ಕಿದ. 50ರಿಂದ 100 ಕಾರ್ಡ್ ದೂರ ಇಡುವುದು ಕ್ಷೇಮ. ಆ ದೂರದಲ್ಲಿ ಸೆಲ್ಲುಗಳು ದೊಡ್ಡವಿರುವುದರಿಂದ ಖರ್ಚು ಹೆಚ್ಚೇನಿಲ್ಲ, ಅಲೆಗಳು ತಾವಾಗಿ ಕರಗುತ್ತವೆ.

ಲಕ್ಷಣ: ಶಾಕ್ ಮೆಟ್ಟಿಲು ಹತ್ತಿದಂತೆ ಚಲಿಸುತ್ತದೆ, ಅಥವಾ ಮಾಯವಾಗುತ್ತದೆ

3.5 ಡಿಗ್ರಿಯಲ್ಲಿ ಶಾಕ್ ಕಾರ್ಡ್‌ನ ಸುಮಾರು ಐದನೇ ಒಂದು ಭಾಗದಷ್ಟು, ಅಂದರೆ 46 ಮಿ.ಮೀ. ಓಡಾಡುತ್ತದೆ. ಸೆಲ್ ಉದ್ದ ಶೇ. 1 ಇದ್ದರೆ ಆ ಇಡೀ ಓಟಕ್ಕೆ ಸಿಗುವುದು 20 ಸೆಲ್. ಶಾಕ್ ತಾನೇ ಮೂರು ಸೆಲ್ ತಿನ್ನುತ್ತದೆ. ಶೇ. 0.25, ಅಂದರೆ 0.6 ಮಿ.ಮೀ.ಗೆ ಇಳಿಸಿ. ಇಲ್ಲಿ ಆಗುವ ತಪ್ಪೆಂದರೆ ಸ್ಟೆಡಿ ಲೆಕ್ಕದಲ್ಲಿ ಶಾಕ್ ನಿಂತ ಜಾಗಕ್ಕೆ ಮಾತ್ರ ಸಣ್ಣ ಸೆಲ್ ತುಂಬುವುದು. ಶಾಕ್ ಆ ಪಟ್ಟಿಯ ಅಂಚಿಗೆ ಬಂದು ಅಲ್ಲೇ ಅಂಟಿಕೊಳ್ಳುತ್ತದೆ, ಆಂದೋಲನದ ಎತ್ತರ ಕೃತಕವಾಗಿ ಕಡಿಮೆಯಾಗುತ್ತದೆ. ಶೇ. 20ರಿಂದ 65ರವರೆಗೆ ಒಂದೇ ಸಮ ಸಣ್ಣ ಸೆಲ್ ಬೇಕು.

ಶಾಕ್ ಸ್ವಲ್ಪ ಹೊತ್ತು ಕಾಣದೆ ಹೋದರೆ ಗಾಬರಿ ಬೇಡ. 1977ರಲ್ಲಿ ಟೈಡೆಮನ್ ಶಾಕ್ ಚಲನೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ಎ ಬಗೆಯಲ್ಲಿ ಶಾಕ್ ಸುತ್ತಿನುದ್ದಕ್ಕೂ ಇರುತ್ತದೆ, ಬಿ ಬಗೆಯಲ್ಲಿ ಸುತ್ತಿನ ಒಂದು ಭಾಗದಲ್ಲಿ ಮಾಯವಾಗುತ್ತದೆ, ಸಿ ಬಗೆಯಲ್ಲಿ ಮುಂದಕ್ಕೆ ಓಡಿ ಮುಂದಂಚನ್ನೂ ದಾಟಿ ಹೊರಟುಹೋಗುತ್ತದೆ. ಓಎಟಿ15ಎಯಲ್ಲಿ 3.5ಕ್ಕೆ ಎ ಬಗೆಯೇ ಬರಬೇಕು. ನಿಮಗೆ ಸಿ ಬಂದಿದ್ದರೆ ಆಲ್ಫಾ ಮತ್ತೊಮ್ಮೆ ನೋಡಿ.

ಲಕ್ಷಣ: ಲೆಕ್ಕ ಮುರಿದು ನ್ಯಾನ್ ಬರುತ್ತದೆ

ನ್ಯಾನ್ ಎಂದರೆ ‘ಇದು ಸಂಖ್ಯೆಯೇ ಅಲ್ಲ’ ಎಂದು ಯಂತ್ರ ಹೇಳುವುದು. ಯಾವ ಸ್ಟೆಪ್ಪಿನಲ್ಲಿ ಎಂಬುದೇ ಅರ್ಧ ಉತ್ತರ.

ಮೊದಲ ಕೆಲವೇ ಇಟರೇಶನ್‌ಗಳಲ್ಲಿ ಬಂದರೆ ಮೆಶ್ ಫೈಲು ತೆರೆದು ಸಂಖ್ಯೆಗಳನ್ನೇ ಓದಿ. ಈ ಪ್ರಕರಣದಲ್ಲಿ ವೈ ಪ್ಲಸ್ (ಗಡಿಪದರದ ಮಾನದಲ್ಲಿ ಗೋಡೆಯಿಂದ ದೂರ) 1 ಬರಬೇಕಾದರೆ ಗೋಡೆಗೆ ತಾಗಿದ ಮೊದಲ ಸೆಲ್ಲಿನ ಎತ್ತರ ಸುಮಾರು 2 ಮೈಕ್ರಾನ್, ಅಂದರೆ 0.000002 ಮೀಟರ್. ಮೆಶ್ ತಂತ್ರಾಂಶ ದಶಮಾಂಶದ ಆಚೆ ಆರೇ ಅಂಕಿ ಬರೆಯುತ್ತಿದ್ದರೆ ಕೊನೆಯ ಅಂಕಿಯ ಬೆಲೆ 1 ಮೈಕ್ರಾನ್. 2 ಮೈಕ್ರಾನ್ ಸೆಲ್ ಒಂದು ಕಡೆ 1, ಪಕ್ಕದಲ್ಲಿ 3 ಆಗಬಹುದು. ವೈ ಪ್ಲಸ್ ಗ್ರಾಫ್ ಏಣುಏಣಾಗಿದ್ದರೆ ಕಾರಣ ಇದೇ. 15 ಅಂಕಿ ಬರೆಯುವಂತೆ ಹೇಳಿ ಮತ್ತೆ ಹೊರತೆಗೆಯಿರಿ. ಸೆಲ್ ಎತ್ತರದ ಬೆಳವಣಿಗೆ 1.2ರ ಅನುಪಾತ ಮೀರದಿರಲಿ.

ನೂರಾರು ಸ್ಟೆಪ್ ಆದಮೇಲೆ ಬಂದರೆ ಶುರುವಿನ ಹೊಡೆತ ಕಾರಣವಿರಬಹುದು. ಸೀದಾ 3.5 ಡಿಗ್ರಿಯಲ್ಲಿ ಆರಂಭಿಸದೆ 2.5ರಲ್ಲಿ ಸ್ಟೆಡಿ ಲೆಕ್ಕ ಮಾಡಿ, ಅದರ ಮೇಲಿಂದ ಅನ್‌ಸ್ಟೆಡಿಗೆ ಹೋಗಿ ಆಲ್ಫಾ ಏರಿಸಿ. ಒಳ ಇಟರೇಶನ್‌ನ ಸಿಎಫ್ಎಲ್ (ಕೊರಾಂಟ್ ಸಂಖ್ಯೆ, ಅಂದರೆ ಒಂದು ಸ್ಟೆಪ್ಪಿನಲ್ಲಿ ಅಲೆ ಎಷ್ಟು ಸೆಲ್ ದಾಟುತ್ತದೆ ಎಂಬುದು) 5ರಲ್ಲಿ ಶುರುಮಾಡಿ. ಸ್ಪಲಾರ್ಟ್–ಆಲ್ಮರಸ್ ಚರಾಂಶ ಋಣಾತ್ಮಕ ಆಗುತ್ತಿದ್ದರೆ ಅದಕ್ಕೆಂದೇ ಇರುವ ನೆಗೆಟಿವ್ ರೂಪವನ್ನು ಆರಿಸಿ. ಮುರಿದ ಸೆಲ್ ಎಲ್ಲಿದೆ ಎಂದು ಅದರ ನಿರ್ದೇಶಾಂಕ ಬರೆಸಿ ನೋಡಿ. ಹಿಂದಂಚಿನ ಮೂಲೆಯಲ್ಲಿದ್ದರೆ ಸೆಲ್ ಓರೆಯಾಗಿದೆ, ಹೊರಗಡಿಯಲ್ಲಿದ್ದರೆ ಗಡಿಯ ಷರತ್ತು ತಪ್ಪಿದೆ.

ಓಪನ್‌ಫೋಮ್ ಬಳಸುವವರಿಗೆ ಒಂದು ಮಾತು. ಅದರ ರೋಸೆಂಟ್ರಲ್‌ಫೋಮ್ ಸಾಲ್ವರ್ ಶಾಕ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರ ಟೈಮ್ ಸ್ಟೆಪ್ ಅತಿ ಸಣ್ಣ ಸೆಲ್ಲಿಗೆ ಕಟ್ಟುಬಿದ್ದಿದೆ. 2 ಮೈಕ್ರಾನ್ ಸೆಲ್ಲನ್ನು ಶಬ್ದ 6 ನ್ಯಾನೋಸೆಕೆಂಡಿನಲ್ಲಿ ದಾಟುತ್ತದೆ. ಕೊರಾಂಟ್ 0.2 ಇಟ್ಟರೆ ಬಫೆಟ್‌ನ ಒಂದೇ ಸುತ್ತಿಗೆ 1 ಕೋಟಿ 20 ಲಕ್ಷ ಸ್ಟೆಪ್. ಯಂತ್ರ ಕೆಟ್ಟಿಲ್ಲ, ಆಯ್ಕೆ ತಪ್ಪಿದೆ. ಇಂಪ್ಲಿಸಿಟ್ ಸಾಲ್ವರ್ ಹಿಡಿಯಿರಿ.

ಲಕ್ಷಣ: ಡಿಇಎಸ್‌ಗೆ ಹೋದಮೇಲೆ ಶಾಕ್ ತೀರಾ ಮುಂದೆ ಬಂದಿದೆ

ಡಿಇಎಸ್ ಎಂದರೆ ಗೋಡೆಯ ಬಳಿ ಟರ್ಬುಲೆನ್ಸ್ ಮಾಡೆಲನ್ನು (ರಾನ್ಸ್) ನಂಬಿ, ದೂರದಲ್ಲಿ ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕುವ (ಎಲ್‌ಇಎಸ್) ಮಿಶ್ರ ವಿಧಾನ. ಗಡಿಪದರದೊಳಗಿನ ಸೆಲ್ಲುಗಳು ಎಲ್ಲ ದಿಕ್ಕಿನಲ್ಲೂ ಸಣ್ಣದಾದಾಗ ಹಳೆಯ ಡಿಇಎಸ್ ಅಲ್ಲೇ ಎಲ್‌ಇಎಸ್‌ಗೆ ಜಾರುತ್ತದೆ. ಮಾಡೆಲ್ ಕೊಡುತ್ತಿದ್ದ ಟರ್ಬುಲೆನ್ಸ್ ಸ್ಟ್ರೆಸ್ ಹೋಗಿರುತ್ತದೆ, ಬದಲಿಗೆ ಬರಬೇಕಾದ ಸುಳಿಗಳು ಇನ್ನೂ ಹುಟ್ಟಿರುವುದಿಲ್ಲ. ಗಡಿಪದರ ಕಾರಣವಿಲ್ಲದೆ ಕಳಚುತ್ತದೆ, ಶಾಕ್ ಮುಂದಕ್ಕೆ ಸರಿಯುತ್ತದೆ. ಈ ಜಾರುವಿಕೆಯನ್ನು ತಡೆಯುವ ಡಿಡಿಇಎಸ್ ರೂಪ ಬಳಸಿ, ಇಲ್ಲವೇ ಶಾಕ್ ಮುಂದಿನ ಭಾಗವನ್ನು ರಾನ್ಸ್ ಎಂದೇ ಗೆರೆ ಎಳೆದು ಕಟ್ಟಿಹಾಕಿ. ಡೆಕ್ 2005ರಲ್ಲಿ ಓಎಟಿ15ಎಗೆ ಮಾಡಿದ್ದು ಈ ಎರಡನೆಯ ದಾರಿ. ಡಿಇಎಸ್‌ಗೆ 50 ಮೈಕ್ರೋಸೆಕೆಂಡ್ ಸ್ಟೆಪ್ ನಡೆಯುವುದಿಲ್ಲ, ಒಂದು ಮೈಕ್ರೋಸೆಕೆಂಡಿನ ಆಸುಪಾಸಿಗೆ ಇಳಿಯಬೇಕಾಗುತ್ತದೆ. ಎರಡು ಆಯಾಮದ ಲೆಕ್ಕ ನೆಟ್ಟಗಾಗದೆ ಇಲ್ಲಿಗೆ ಬರಬೇಡಿ.

ಲಕ್ಷಣ: ಪೂರ್ತಿ ರೆಕ್ಕೆಯಲ್ಲಿ ಒಂದು ಚೊಕ್ಕ ಶಿಖರವೇ ಇಲ್ಲ

ಇದು ದೋಷವಲ್ಲ. ಹಿಂದಕ್ಕೆ ಬಾಗಿದ ರೆಕ್ಕೆಯಲ್ಲಿ ಬಫೆಟ್‌ನ ಸ್ವಭಾವವೇ ಬೇರೆ. ಶಾಕ್ ಗೆರೆ ಅಲ್ಲಲ್ಲಿ ಬಾಗಿ ಗುಂಪುಗುಂಪಾಗಿ ತುದಿಯ ಕಡೆಗೆ ಸಾಗುತ್ತದೆ. ಇವನ್ನು ಬಫೆಟ್ ಸೆಲ್ ಎನ್ನುತ್ತಾರೆ. ಸ್ಟ್ರೌಹಾಲ್ 0.066ರ ಬದಲು 0.2ರಿಂದ 0.6ರವರೆಗೆ ಹರಡಿದ ದಿಬ್ಬ ಕಾಣುತ್ತದೆ. ನಾಸಾದ ಸಿಆರ್‌ಎಂ (ಸಂಶೋಧಕರೆಲ್ಲ ಹೋಲಿಕೆಗೆ ಬಳಸುವ ಪ್ರಯಾಣಿಕ ವಿಮಾನದ ಮಾದರಿ) ರೆಕ್ಕೆಯಲ್ಲಿ ಎರಡು ಆಯಾಮದ ಫ್ರೀಕ್ವೆನ್ಸಿ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಆದರೆ ರೆಕ್ಕೆಯುದ್ದಕ್ಕೆ ಮೆಶ್ ಒರಟಾಗಿದ್ದರೆ ಈ ಸೆಲ್ಲುಗಳು ಹುಟ್ಟುವುದೇ ಇಲ್ಲ ಎಂಬುದು ನಿಜವಾದ ದೋಷ. ಬಫೆಟ್ ಸೆಲ್ಲಿನ ಅಗಲ ಸುಮಾರು ಒಂದು ಕಾರ್ಡ್ ಎಂದು ಹಿಡಿದು, ಅದಕ್ಕೆ ಕನಿಷ್ಠ 20–30 ಮೆಶ್ ಬಿಂದು ಬೀಳುವಂತೆ ಮಾಡಿ.

ಲಕ್ಷಣ: ಕರೆಂಟ್ ಹೋಗಿ ಬಂದಮೇಲೆ ಗೆರೆಯಲ್ಲಿ ಒಂದು ಕೊಕ್ಕೆ

ಏಪ್ರಿಲ್–ಮೇ ಸಂಜೆಯ ಸಿಡಿಲು ಮಳೆಗೆ ಲೆಕ್ಕ ಅರ್ಧಕ್ಕೆ ನಿಲ್ಲುವುದು ಕರಾವಳಿಯಲ್ಲಿ ಹೊಸತಲ್ಲ. ಎರಡನೇ ದರ್ಜೆಯ ಸ್ಕೀಮಿಗೆ ಹಿಂದಿನ ಎರಡು ಸ್ಟೆಪ್ಪುಗಳ ಫೈಲು ಬೇಕು. ಒಂದನ್ನೇ ಉಳಿಸಿ ಅದರಿಂದ ಮುಂದುವರಿಸಿದರೆ ಲಿಫ್ಟಿನಲ್ಲಿ ಕೊಕ್ಕೆ ಬೀಳುತ್ತದೆ, ಆ ಹೊಡೆತ ಆರಲು ಮತ್ತೆರಡು ಸುತ್ತು ವ್ಯರ್ಥ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕೊನೆಯ ಫೈಲು ಹಾಳಾಗಿರುತ್ತದೆ, ಆದ್ದರಿಂದ ಹಿಂದಿನ ಜೋಡಿಯನ್ನೂ ಅಳಿಸದೆ ಇಡಿ. ಹೊಸ ಫೈಲಿನ ಗಾತ್ರ ಹಳೆಯದಕ್ಕೆ ಸಮವಾಗಿದೆಯೇ ಎಂದು ನೋಡಿದರೆ ಹಾಳಾದದ್ದು ತಕ್ಷಣ ತಿಳಿಯುತ್ತದೆ.

ಮಧ್ಯಾಹ್ನ ಒಂದು ಸ್ಟೆಪ್ಪಿಗೆ ಬೆಳಿಗ್ಗೆಗಿಂತ ಹೆಚ್ಚು ಸಮಯ ಹಿಡಿದು ಉತ್ತರ ಮಾತ್ರ ಒಂದೇ ಇದ್ದರೆ ಪ್ರೊಸೆಸರ್ ಕಾದು ನಿಧಾನವಾಗಿದೆ. ಕಡಲಿನ ಉಪ್ಪು ಗಾಳಿ, ಧೂಳು, ತೇವ ಮೂರೂ ಸೇರಿ ಹೀಟ್‌ಸಿಂಕ್ ಕಟ್ಟಿಕೊಂಡಿರುತ್ತದೆ. ಶುಚಿ ಮಾಡುವಾಗ ಪ್ಲಗ್ಗನ್ನೇ ಕಿತ್ತು, ಒಣ ಬ್ಲೋವರ್ ಬಳಸಿ. ಒದ್ದೆ ಬಟ್ಟೆ ಬೇಡ. ಎಸಿ ಕೋಣೆಯ ತಣ್ಣಗಿನ ಯಂತ್ರವನ್ನು ಹೊರಗೆ ತಂದರೆ ಒಳಗೆ ನೀರು ಹನಿಗಟ್ಟುತ್ತದೆ, ಒಂದೆರಡು ಗಂಟೆ ಬಿಟ್ಟು ಆನ್ ಮಾಡಿ. ಸಿಡಿಲಿನ ಹೊತ್ತಿಗೆ ಕರೆಂಟ್ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲನ್ನೂ ಎಳೆಯಬೇಕು, ಆದರೆ ಗುಡುಗು ಶುರುವಾಗುವ ಮೊದಲೇ. ಯುಪಿಎಸ್ ಬಿಸಿಯಾಗಿ ಊದಿಕೊಂಡಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಮುಟ್ಟಬೇಡಿ. ಸ್ವಿಚ್ ಆಫ್ ಮಾಡಿದರೂ ಅದರೊಳಗೆ ಕರೆಂಟ್ ಉಳಿದಿರುತ್ತದೆ. ಟೆಕ್ನಿಶಿಯನ್ ಬಂದು ನೋಡಲಿ.

ಎಲ್ಲಿ ನಿಲ್ಲಿಸಬೇಕು

80,000 ಸೆಲ್ಲಿನ ಎರಡು ಆಯಾಮದ ಲೆಕ್ಕ, 20 ಸುತ್ತು, 5,800 ಸ್ಟೆಪ್, ಸ್ಟೆಪ್ಪಿಗೆ 30 ಒಳ ಇಟರೇಶನ್: ಎಂಟು ಕೋರಿನ ಯಂತ್ರಕ್ಕೆ ಇದು ಒಂದು ರಾತ್ರಿಯ ಕೆಲಸ. ಮೇಲಿನ ತಪಾಸಣೆಗಳನ್ನೆಲ್ಲ ಇಷ್ಟರಲ್ಲೇ ಮಾಡಬಹುದು. ಮೂರು ಮೆಶ್‌ಗಳಲ್ಲಿ ಮೂರು ಬೇರೆ ಬೇರೆ ಫ್ರೀಕ್ವೆನ್ಸಿ ಬರುತ್ತಿದ್ದರೆ ಪೂರ್ತಿ ರೆಕ್ಕೆಗೆ ಹೋಗಬೇಡಿ, ಬೆಂಗಳೂರಿನ ಐಐಎಸ್‌ಸಿಯ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರಿನಲ್ಲಿ ಸಮಯವನ್ನೂ ಕೇಳಬೇಡಿ. ಎರಡು ಆಯಾಮದಲ್ಲಿ ಇರುವ ತಪ್ಪು ಅಲ್ಲಿ ದೊಡ್ಡ ಬಿಲ್ಲಿನ ಜೊತೆ ಮರಳಿ ಬರುತ್ತದೆ. ಯುಎವಿಗೋ ಮಾದರಿ ವಿಮಾನಕ್ಕೋ ಎಷ್ಟು ವೇಗ ಸುರಕ್ಷಿತ ಎಂದು ತೀರ್ಮಾನಿಸಲು ಈ ಲೆಕ್ಕವನ್ನೇ ಆಧಾರ ಮಾಡಿಕೊಳ್ಳಬೇಡಿ. ಶಾಕ್ ಓಡಾಟಕ್ಕೆ ರೆಕ್ಕೆಯ ರಚನೆ ಹೇಗೆ ನಡುಗುತ್ತದೆ ಎಂಬುದು ಇದರಲ್ಲಿ ಇಲ್ಲವೇ ಇಲ್ಲ, ಅದಕ್ಕೆ ಸುರಂಗ ಪರೀಕ್ಷೆ ಮತ್ತು ರಚನಾ ತಜ್ಞರು ಬೇಕು.

ಗೈಡ್ ಬಳಿಗೋ ತಿಳಿದವರ ಬಳಿಗೋ ಹೋಗುವಾಗ ಬಣ್ಣದ ಮ್ಯಾಕ್ ಚಿತ್ರ ಒಯ್ದರೆ ಉಪಯೋಗವಿಲ್ಲ. ಇಷ್ಟು ಒಯ್ಯಿರಿ: ಸೆಟ್ಟಿಂಗ್ ಫೈಲು, ಲಾಗ್‌ನ ಮೊದಲ ಪುಟ, ಲಿಫ್ಟಿನ ಸಮಯದ ಗೆರೆ ಸಾಮಾನ್ಯ ಮತ್ತು ಲಾಗ್ ಎರಡೂ ಮಾನದಲ್ಲಿ, ಒಂದು ಟೈಮ್ ಸ್ಟೆಪ್ಪಿನೊಳಗೆ ರೆಸಿಡ್ಯುಅಲ್ ಇಳಿಯುವ ಗೆರೆ, ಮೇಲ್ಮೈಯ ವೈ ಪ್ಲಸ್, ಮತ್ತು ಟೈಮ್ ಸ್ಟೆಪ್ ಅರ್ಧ ಮಾಡಿದಾಗ ಏನಾಯಿತು ಎಂಬ ಒಂದು ಸಾಲು.